ಅರ್ಧ ಸುತ್ತು

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆಂಬುದು ಶಾಂತಲಾಗೆ ಹನ್ನೊಂದು ಗಂಟೆಯಿಂದಲೂ ಗೊತ್ತಿತ್ತು. ಗೊತ್ತಿದ್ದೂ ತಲೆಯೆತ್ತದೆ ಟೈಪು ಮಾಡುತ್ತಿದ್ದಳು. ಕುಣಿಗಲ್ಲಿನ ತಾಲ್ಲೂಕು ಕಚೇರಿಗೆ ದಿನವೂ ಜನ ಬರುತ್ತಾರೆ, ಕೂರುತ್ತಾರೆ, ಸಾಹೇಬರಿಲ್ಲವೆಂದು ಎದ್ದು ಹೋಗುತ್ತಾರೆ. ಅವರೆಲ್ಲ ನೋಡುವುದು ಸಾಹೇಬರ ಬಾಗಿಲಿನ ಪರದೆಯನ್ನು, ಇಲ್ಲವೇ ಜವಾನನ ಮುಖವನ್ನು. ಮೂಲೆಯ ಟೈಪಿಸ್ಟನ್ನು ಯಾರೂ ನೋಡುವುದಿಲ್ಲ. ಆರು ವರ್ಷದಿಂದ ಯಾರೂ ನೋಡದಿರುವುದಕ್ಕೆ ಅವಳು ಒಗ್ಗಿಹೋಗಿದ್ದಳು. ಹಾಗಾಗಿ ಈ ನೋಟ ಕತ್ತಿನ ಮೇಲೆ ಕೂತ ನೊಣದಂತೆ, ಓಡಿಸಲೂ ಆಗದೆ ಸುಮ್ಮನೆ ಬಿಡಲೂ ಆಗದೆ ಅಲ್ಲೇ ಇತ್ತು. ಹೆಂಗಸಿಗೆ ಐವತ್ತು ದಾಟಿದ ವಯಸ್ಸು. ತೊಡೆಯ ಮೇಲೆ ಪ್ಲಾಸ್ಟಿಕ್ ವೈರಿನ ಬುಟ್ಟಿ, ಅದರ ಬಾಯಿಗೆ ಕಟ್ಟಿದ ಟವೆಲು. ಹಣೆ ಬರಿದಾಗಿತ್ತು. ಆ ಬರಿಯ ಹಣೆ ಕಂಡಾಗ ಶಾಂತಲಾಳ ಬೆರಳು ಒಂದು ಅಕ್ಷರ ತಪ್ಪಿತು.

ಯಂತ್ರದ ಪಕ್ಕದಲ್ಲಿ ಚಂದ್ರಶೇಖರಯ್ಯ ಬೆಳಿಗ್ಗೆ ಕೊಟ್ಟುಹೋದ ಫಾರಂ ಇತ್ತು. ಚಂದ್ರಶೇಖರಯ್ಯ ನಿವೃತ್ತ ಕಾಂಪೌಂಡರು. ಹೆದ್ದಾರಿಯಲ್ಲಿ ಬಸ್ಸು ಲಾರಿ ಗುದ್ದಿಕೊಂಡಾಗ ಪೊಲೀಸರಿಗಿಂತ ಮೊದಲು ಯಾರಾದರೂ ಹೋಗಬೇಕೆಂದು ನಾಲ್ಕು ವರ್ಷದ ಹಿಂದೆ ಊರಿನ ಹನ್ನೆರಡು ಜನರನ್ನು ಸೇರಿಸಿ 'ಹೆದ್ದಾರಿ ಸಹಾಯ ಬಳಗ' ಕಟ್ಟಿದ್ದರು. ಸೈಕಲ್ ಶಾಪಿನವನು, ಇಬ್ಬರು ಮೇಷ್ಟ್ರು, ಹಾಲಿನ ಡೇರಿಯವನು, ಶಾಂತಲಾ. ಈ ವರ್ಷ ತುಮಕೂರಿನಲ್ಲಿ ಜಿಲ್ಲೆಯ ಸ್ವಯಂಸೇವಕರಿಗೆ ಸನ್ಮಾನವಂತೆ. ಅವರು ಶಾಂತಲಾಳ ಹೆಸರು ಕಳಿಸುತ್ತಿದ್ದರು.

"ಎಲ್ಲಾ ನಾನೇ ತುಂಬಿದೀನಿ ಕಣಮ್ಮ. ಈ ಒಂದು ಕಾಲಮ್ಮು ಮಾತ್ರ ನಿಂದು. ಸೇವೆಗೆ ಪ್ರೇರಣೆ. ನಾಲ್ಕು ಸಾಲು ಸಾಕು."

"ಏನ್ ಬರೀಲಿ ಸಾರ್?"

"ನಿಮ್ಮಜ್ಜಿ ಹೆಸ್ರು ಬರಿ. ಅಜ್ಜಿ ಹೇಳಿದ ದಯೆ, ಧರ್ಮದ ಕತೆ ಕೇಳ್ಕೊಂಡು ಬೆಳೆದೆ ಅಂತ. ತುಮಕೂರಿನೋರಿಗೆ ಅಂಥಾದ್ದು ಇಷ್ಟ ಆಗುತ್ತೆ."

ಪಕ್ಕದ ಮೇಜಿನ ಅಂಜನಮೂರ್ತಿ ಫೈಲಿನಿಂದ ಮುಖ ಎತ್ತದೆಯೇ ಹೇಳಿದ: "ಭಾನುವಾರ ಮನೇಲಿ ಕೂತ್ರೆ ಗಂಡು ನೋಡೋಕೆ ಬರ್ತಾರೆ, ಅದಕ್ಕೆ ಆಕ್ಸಿಡೆಂಟಿಗೆ ಹೋಗ್ತೀನಿ ಅಂತ ಬರೀರಿ ಮೇಡಂ. ಸತ್ಯಕ್ಕೆ ಹತ್ರ ಇರುತ್ತೆ." ಎಲ್ಲರೂ ನಕ್ಕರು. ಶಾಂತಲಾ ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಆಮೇಲೆ ಆ ಹೆಚ್ಚಿನ ಕ್ಷಣಕ್ಕಾಗಿ ತನ್ನ ಮೇಲೆಯೇ ಬೇಸರವಾಯಿತು.

ಅಜ್ಜಿ ರಂಗಲಕ್ಷ್ಮಮ್ಮನ ಕತೆಗಳಲ್ಲಿ ದಯೆಯೂ ಇರಲಿಲ್ಲ, ಧರ್ಮವೂ ಇರಲಿಲ್ಲ. ಗುಬ್ಬಿಯ ಮನೆಯ ನಡುಮನೆಯಲ್ಲಿ ಸಾಲಾಗಿ ಮಲಗಿದ ಮೊಮ್ಮಕ್ಕಳಿಗೆ ಅವಳು ಹೇಳುತ್ತಿದ್ದದ್ದು ಸುಳ್ಳು ಹೇಳಿ ಗೆದ್ದ ರಾಣಿಯರ ಕತೆ, ಅತ್ತೆಯನ್ನು ಕುಂಬಳಕಾಯಿ ಮಾಡಿ ಅಟ್ಟದ ಮೇಲಿಟ್ಟ ಸೊಸೆಯ ಕತೆ. ಆದರೆ ಒಂದು ನಿಯಮವಿತ್ತು: ಕೇಳುವವರು ಹೂಂಗುಡಬೇಕು. ಒಂದೊಂದು ಮಾತಿಗೂ ಹೂಂ. ಹೂಂ ನಿಂತರೆ ಅಜ್ಜಿಯೂ ನಿಲ್ಲಿಸಿಬಿಡುವಳು. "ಹೂಂ ಅನ್ನೋರಿಲ್ವಾ? ಸರಿ, ಹುಡುಗಿ ಹೊಳೆ ಮಧ್ಯದಲ್ಲೇ ನಿಂತಿರ್ಲಿ ಬಿಡು." ಉಳಿದ ಮಕ್ಕಳು ನಿದ್ದೆಹೋಗುತ್ತಿದ್ದರು. ಶಾಂತಲಾಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದು, ಅತ್ತಲೂ ಹೋಗಲಾರದೆ ಇತ್ತಲೂ ಬರಲಾರದೆ ಒಬ್ಬಳು ಬೆಳಗಿನವರೆಗೂ ನಿಂತಿರಬೇಕಲ್ಲ, ತಾನೊಂದು ಹೂಂ ಅನ್ನದೆ ಹೋದದ್ದಕ್ಕೆ. ಕಣ್ಣು ಮುಚ್ಚಿಹೋಗುತ್ತಿದ್ದರೂ ಹೂಂ, ಹೂಂ ಎನ್ನುತ್ತಿದ್ದಳು. ಅದನ್ನು ಕಾಲಮ್ಮಿನಲ್ಲಿ ಬರೆಯಬಹುದಿತ್ತು. ಚೆನ್ನಾಗಿಯೂ ಇರುತ್ತಿತ್ತು. ಆದರೆ ಅದರ ಇನ್ನೊಂದು ಮಗ್ಗುಲನ್ನು ಬರೆಯಲಾಗುತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಶಾಂತಲಾಳೇ ಹೇಳುವವಳಾದಳು, ಕೇಳುವವರು ಯಾರೂ ಉಳಿಯಲಿಲ್ಲ. ಊಟದ ಹೊತ್ತಿನಲ್ಲಿ ಅವಳು ಬಾಯಿ ತೆರೆದರೆ ಅಪ್ಪ ಟೀವಿಯ ಸದ್ದು ಹೆಚ್ಚಿಸುತ್ತಿದ್ದರು. ನೋಡಲು ಬಂದಿದ್ದ ಗಂಡಿನ ಕಡೆಯ ಹೆಂಗಸೊಬ್ಬಳು, ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿರುವಾಗಲೇ, "ಹುಡುಗಿ ಎಲ್ಲೋ ನೋಡ್ತಾಳಲ್ಲ, ಕಿವಿ ಚೆನ್ನಾಗಿ ಕೇಳುಸ್ತದಾ?" ಎಂದು ಅಮ್ಮನನ್ನು ವಿಚಾರಿಸಿದ್ದಳು. ಹೆದ್ದಾರಿಯ ಬದಿಯಲ್ಲಿ ಹಾಗಲ್ಲ. ಅಲ್ಲಿ ರಕ್ತ ಒರೆಸಿಕೊಳ್ಳುತ್ತ ಕೂತವರು ಅವಳು ಬರುವುದನ್ನೇ ಕಾದವರಂತೆ ಮುಖ ಎತ್ತುತ್ತಿದ್ದರು. ಕುಡಿದ ಲಾರಿ ಡ್ರೈವರನೊಬ್ಬ, "ಅಲ್ಲೇ ಕೂತ್ಕೊಳ್ಳಿ" ಎಂದ ಒಂದೇ ಮಾತಿಗೆ ಶಾಲೆಯ ಹುಡುಗನಂತೆ ಕೂತುಬಿಟ್ಟಿದ್ದ. ಆ ದಿನ ಮನೆಗೆ ಬಂದು ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಿದ್ದಳು.

ಐದು ವಾರದ ಹಿಂದಿನ ಆ ಭಾನುವಾರ ಬೆಳಿಗ್ಗೆ ಫೋನು ಬಂದಾಗ ಮೈಯಲ್ಲಿ ಮೊದಲು ಎದ್ದದ್ದು ಸಂತೋಷ. ಭಯ ಆಮೇಲೆ ಬಂತು; ಅಯ್ಯೋ ಪಾಪ ಎನ್ನುವುದು ಅದಕ್ಕೂ ಆಮೇಲೆ, ಚಪ್ಪಲಿ ಹಾಕಿಕೊಳ್ಳುವಾಗ. ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದವನು "ಬಸ್ಸು ಪಲ್ಟಿ ಹೊಡ್ದದೆ, ತಿರುವಿನತ್ರ" ಎಂದಷ್ಟೇ ಹೇಳಿದ್ದ. ಅವಳ ಮನೆ ಊರಿನ ಆ ತುದಿಗೇ ಇದ್ದುದರಿಂದ ಹಾಲಿನ ವ್ಯಾನು ಹತ್ತಿ ಉಳಿದವರಿಗಿಂತ ಕಾಲು ಗಂಟೆ ಮೊದಲು ತಲುಪಿದ್ದಳು. ಬಸ್ಸು ಒಂದು ಮಗ್ಗುಲಿಗೆ ಮಲಗಿತ್ತು, ಮೇಲಿನ ಚಕ್ರ ಗಾಳಿಯಲ್ಲಿ ನಿಂತಿತ್ತು. ಜನ ಅಲ್ಲಲ್ಲಿ, ಹೊಲದ ಬದುವಿನಲ್ಲಿ, ರಸ್ತೆಯಂಚಿನಲ್ಲಿ, ಸಂತೆಗೆ ಬಂದವರಂತೆ ಕೂತಿದ್ದರು. ಚಂದ್ರಶೇಖರಯ್ಯ ಪ್ರತಿ ತರಗತಿಯಲ್ಲೂ ಮೊದಲು ಹೇಳುತ್ತಿದ್ದದ್ದು ಒಂದೇ: ಮೊದಲು ಪ್ರದಕ್ಷಿಣೆ, ಆಮೇಲೆ ಪೂಜೆ. ಎಲ್ಲರಿಗಿಂತ ಮುಂಚೆ ಹೋದವರು ಯಾರನ್ನೂ ಮುಟ್ಟಬಾರದು, ಯಾರ ಹತ್ತಿರವೂ ನಿಲ್ಲಬಾರದು. ಇಡೀ ಜಾಗಕ್ಕೆ ಒಂದು ಸುತ್ತು ಬರಬೇಕು, ಒಂದೊಂದು ಮುಖವನ್ನೂ ನೋಡಬೇಕು, ನಿಂತವರನ್ನೂ ಕೂತವರನ್ನೂ ಸುಮ್ಮನೆ ಬೀಡಿ ಸೇದುತ್ತಿರುವವರನ್ನೂ. ಕೂಗುವವನಿಗೆ ಉಸಿರಿದೆ. ಕೂಗದವನು ಎಲ್ಲಿದ್ದಾನೆ, ಅದನ್ನು ಹುಡುಕಿ. ಕೊನೆಯವನನ್ನು ನೋಡಿದ ಮೇಲೆಯೇ ಮೊದಲನೆಯವನನ್ನು ಮುಟ್ಟಿ.

ಅವಳು ಸುತ್ತು ಶುರುಮಾಡಿದಳು. ಬಸ್ಸಿನ ಮೂತಿಯಿಂದ ಹೊರಟು ಏಳು ಮುಖ, ಎಂಟು ಮುಖ. ಒಂಬತ್ತನೆಯವರು ತುಮಕೂರಿನ ಅಲಮೇಲಮ್ಮ, ನಿವೃತ್ತ ಟೀಚರು ಎಂಬುದು ಆಮೇಲೆ ತಿಳಿಯಿತು. ಮುರಿದ ಕಾಲು ಸೀರೆಯೊಳಗೆ ಬೇರೆ ಯಾರದೋ ಕಾಲಿನಂತೆ ಅಡ್ಡ ತಿರುಗಿತ್ತು. ಅವರು ಶಾಂತಲಾಳ ಮಣಿಕಟ್ಟು ಹಿಡಿದರು. "ಹೋಗ್ಬೇಡ ಮಗೂ. ಏನಾದ್ರೂ ಮಾತಾಡು. ನಿದ್ದೆ ಬರ್ತಾ ಇದೆ ನಂಗೆ." ಕೈ ಬಿಡಿಸಿಕೊಳ್ಳಬಹುದಿತ್ತು. ಒಂದು ನಿಮಿಷ, ಈಗ ಬಂದೆ ಎಂದು ಹೇಳಬಹುದಿತ್ತು. ಅವಳು ಕೂತಳು. ಕೂತು, ಬಾಯಿಗೆ ಮೊದಲು ಬಂದದ್ದನ್ನು, ಕೆಂಡ ಇಸಿದುಕೊಂಡು ಬರಲು ಹೋದ ಹುಡುಗಿಯ ಕತೆಯನ್ನು ಹೇಳತೊಡಗಿದಳು. ಮನೆಯ ಒಲೆ ಆರಿಹೋಗಿ ಪಕ್ಕದ ಮನೆಗೆ ಕೆಂಡಕ್ಕೆ ಹೋದರೆ ಅವರ ಒಲೆಯೂ ಆರಿದೆ, ಅದರಾಚೆಯ ಮನೆಗೆ ಹೋದರೆ ಅದೂ ಆರಿದೆ, ಹೀಗೆ ಏಳು ಊರು ದಾಟಿದ ಹುಡುಗಿ. "ಹೂಂ ಅನ್ಬೇಕು ನೀವು. ಇಲ್ಲಾಂದ್ರೆ ಕತೆ ನಿಂತೋಗುತ್ತೆ." ಅಲಮೇಲಮ್ಮ ಹಲ್ಲು ಕಚ್ಚಿಕೊಂಡು ಹೂಂ ಎಂದರು. ಎಷ್ಟು ವರ್ಷದ ಮೇಲೆ ಕೇಳಿದ ಹೂಂ ಅದು. ಶಾಂತಲಾಗೆ ಸುತ್ತಲಿನ ಗಾಜಿನ ಚೂರು, ಡೀಸೆಲ್ಲಿನ ವಾಸನೆ, ಯಾರದೋ ಅಳು ಎಲ್ಲ ಹಿಂದೆ ಸರಿದು, ಗುಬ್ಬಿಯ ನಡುಮನೆಯ ತಂಪು ನೆಲ ಬೆನ್ನಿಗೆ ತಾಗಿದಂತಾಯಿತು. ನಡುವೆ ಒಮ್ಮೆ ತಲೆಯೆತ್ತಿದಳು. ಎದುರಿಗೆ ಹೊಂಗೆಮರಕ್ಕೆ ಒರಗಿ ಒಬ್ಬ ಕೂತಿದ್ದ. ಹೆಗಲ ಮೇಲೆ ಮಡಿಸಿದ ಟವೆಲು, ಮೈಮೇಲೆ ಒಂದು ತೊಟ್ಟು ರಕ್ತವಿಲ್ಲ. ಊರಿನವನು ನೋಡಲು ಬಂದು ಕೂತಿದ್ದಾನೆ ಅಂದುಕೊಂಡಳು. ಅವನು ಅವಳನ್ನು ನೋಡಿ ಬಲಗೈಯನ್ನು ಎದೆಮಟ್ಟಕ್ಕೆ ಎತ್ತಿದ. ನನ್ನದೇನಿಲ್ಲ, ನೀನು ಅವರನ್ನು ನೋಡಿಕೋ ಎಂದಂತೆ ಅವಳಿಗೆ ಕಂಡಿತು. ಅವಳು ತಲೆಯಾಡಿಸಿದಳು. ತಲೆಯಾಡಿಸಿ ಕತೆಗೆ ವಾಪಸಾದಳು.

ಬಳಗದ ಉಳಿದವರು ಬಂದು ಎಲ್ಲರನ್ನೂ ಆಸ್ಪತ್ರೆಯ ವ್ಯಾನಿಗೆ ಹತ್ತಿಸಿದ ಮೇಲೆ ಚಂದ್ರಶೇಖರಯ್ಯ ಮರದ ಹತ್ತಿರ ಹೋಗಿ, "ಏನಪ್ಪಾ, ಊರೋನಾ, ಬಸ್ಸಿನೋನಾ?" ಎಂದು ಭುಜ ಮುಟ್ಟಿದರು. ಕೈ ತಾಗಿದ ಕಡೆಯಿಂದ ಅವನು ಆಚೆಗೆ ವಾಲಿದ. ಜೇಬಿನಲ್ಲಿದ್ದ ಚೀಟಿಯಿಂದ ಹೆಸರು ಸಿಕ್ಕಿತು: ಕದರಯ್ಯ, ಸಿ.ಎಸ್. ಪುರದ ಹತ್ತಿರದ ಹಳ್ಳಿ. ಕುಣಿಗಲ್ಲಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದವನು. ಹೊಟ್ಟೆಯೊಳಗೇ ರಕ್ತ ಸೋರಿದೆ, ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರಂತೆ ಡಾಕ್ಟರು. ಅಂದು ಸಂಜೆ ಬಳಗದ ಸಭೆಯಲ್ಲಿ ಚಂದ್ರಶೇಖರಯ್ಯ ಕನ್ನಡಕ ಒರೆಸುತ್ತ ಕೇಳಿದ್ದರು: "ಸುತ್ತು ಹಾಕಿದ್ಯಲ್ಲ ಶಾಂತಲಾ?" ಅವಳು "ಹಾಕ್ದೆ ಸಾರ್" ಎಂದಿದ್ದಳು. ಅವರು ಮತ್ತೆ ಕೇಳಲಿಲ್ಲ. ಹದಿನೈದು ದಿನಕ್ಕೆ ಅಲಮೇಲಮ್ಮನ ಕಾಗದ ಬಂತು. ಆ ಹುಡುಗಿ ಕತೆ ಹೇಳಿ ನನ್ನ ಜೀವ ಹಿಡಿದಿಟ್ಟಳು ಎಂದು ದುಂಡಗಿನ ಅಕ್ಷರದಲ್ಲಿ. ಸನ್ಮಾನ ಹುಟ್ಟಿದ್ದೇ ಆ ಕಾಗದದಿಂದ.

ಊಟದ ಹೊತ್ತಿಗೆ ಶಾಂತಲಾ ಬೆಂಚು ದಾಟಿಯೇ ಹೋಗಬೇಕಿತ್ತು. ಹೆಂಗಸು ಎದ್ದು ನಿಂತಳು.

"ನೀನೇ ಅಲ್ವಾ ಮಗಾ, ಬಸ್ಸು ಬಿದ್ದಾಗ ಕತೆ ಹೇಳಿದ್ ಉಡ್ಗಿ? ಕಾಂಪೋಂಡ್ರಪ್ಪ ಹೇಳುದ್ರು, ತಾಲ್ಲೂಕಾಪೀಸ್ನಾಗೆ ಟೈಪು ಹೊಡೀತದೆ ಅಂತ. ನಾನು ನಿಂಗಮ್ಮ. ಕದರಯ್ಯನ ಎಂಡ್ರು."

"ಊಟ ಆಯ್ತಾ ಅಮ್ಮ?" ಎಂದಳು ಶಾಂತಲಾ.

"ಊಟ ಅಂಗಿರ್ಲಿ. ಎರಡು ಬಸ್ಸು ಬದ್ಲಾಯ್ಸ್ಕಂಡು ಬಂದಿವ್ನಿ." ಬುಟ್ಟಿಯ ಟವೆಲು ಬಿಚ್ಚಿ, ಬೀಜ ಬಿಡಿಸಿ ಉಂಡೆ ಕಟ್ಟಿದ ಹೊಸ ಹುಣಸೆಹಣ್ಣನ್ನು ತೆಗೆದು ಶಾಂತಲಾಳ ಕೈಗಿಟ್ಟಳು. "ಇಟ್ಕ. ಮನೆ ಮರದ್ದು. ನಮ್ಮ ಅಳಿಯ ಅಲ್ಲಿ ಟೀ ಅಂಗ್ಡಿಯೋನ್ನ ಕೇಳ್ದನಂತೆ. ಒಂದು ಉಡ್ಗಿ ಕೊನೇಗಂಟ ಕೂತ್ಕಂಡು ಕತೆ ಹೇಳ್ತಿತ್ತು ಅಂದ್ನಂತೆ ಅವ್ನು. ಒಬ್ನೇ ಹೋಗ್ಲಿಲ್ವಲ್ಲ ಸದ್ಯ, ಯಾರೋ ಒಂದು ಮಗ ತಾವ ಕೂತಿತ್ತಲ್ಲ ಅಂತ, ಈ ಒಂದು ತಿಂಗ್ಳು ಅದ್ರಾಗೇ ಅನ್ನ ಉಂಡಿವ್ನಿ ಕಣವ್ವ. ಯಾವ ಕತೆ ಹೇಳ್ದೆ? ಅವ್ನು ಏನಂದ?"

ಹುಣಸೆಹಣ್ಣು ಅಂಗೈಗೆ ಅಂಟಿಕೊಳ್ಳುತ್ತಿತ್ತು. ಎಷ್ಟು ಸುಲಭವಾಗಿತ್ತು. ಕೆಂಡದ ಹುಡುಗಿ, ಏಳು ಊರು, ನಿಮ್ಮ ಯಜಮಾನರು ಹೂಂ ಅಂದರು, ಒಮ್ಮೆ ನಕ್ಕರು, ನಿಮ್ಮ ಹೆಸರು ಹೇಳಿದರು. ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಅಜ್ಜಿಯಾಗಿದ್ದರೆ ಹೇಳಿಯೇಬಿಡುತ್ತಿದ್ದಳು, ವೀಳ್ಯದೆಲೆಯ ನಾರು ತೆಗೆಯುತ್ತಲೇ. ನಿಂಗಮ್ಮ ಮುಖ ಎತ್ತಿ ಕಾಯುತ್ತಿದ್ದಳು. ತುಟಿ ಸ್ವಲ್ಪ ತೆರೆದಿತ್ತು, ಹೂಂ ಎನ್ನಲು ಸಿದ್ಧವಾದಂತೆ. ಆ ತುಟಿ ನೋಡುತ್ತಿದ್ದ ಹಾಗೆ ಶಾಂತಲಾಳ ಒಳಗೆ, ಫೋನು ಬಂದ ಬೆಳಿಗ್ಗೆ ಎದ್ದಿದ್ದ ಅದೇ ಸಂತೋಷ, ನಾಚಿಕೆಯಿಲ್ಲದೆ, ಮೆಲ್ಲಗೆ ಎದ್ದು ಕೂತಿತು. ಅದರ ಗುರುತು ಸಿಕ್ಕಿದ್ದರಿಂದಲೇ ಅವಳಿಗೆ ಹೆದರಿಕೆಯಾಯಿತು.

"ನಾನು ಅವರ ಹತ್ರ ಕೂತಿರ್ಲಿಲ್ಲಮ್ಮ," ಎಂದಳು. "ಕಾಲು ಮುರಿದಿದ್ದ ಒಬ್ಬರು ಅಮ್ಮನ ಹತ್ರ ಕೂತಿದ್ದೆ. ನಾನು ಮೊದಲು ಎಲ್ಲರನ್ನೂ ಒಂದು ಸುತ್ತು ನೋಡ್ಕೊಂಡು ಬರಬೇಕಿತ್ತು. ಅರ್ಧಕ್ಕೇ ಕೂತ್ಬಿಟ್ಟೆ. ನಿಮ್ಮ ಯಜಮಾನ್ರು ಮರಕ್ಕೆ ಒರಗಿ ಕೂತಿದ್ರು. ನೋಡಿದೆ. ನೋಡೋಕೆ ಬಂದೋರು ಅಂದ್ಕೊಂಡೆ."

ನಿಂಗಮ್ಮ ಬುಟ್ಟಿಯ ಟವೆಲನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು.

"ಅವರು ಕೈ ಎತ್ತಿದ್ರು," ಎಂದಳು ಶಾಂತಲಾ. ಅದನ್ನು ಹೇಳದೆ ಉಳಿಸಿಕೊಳ್ಳಬಹುದಿತ್ತು ಎಂದು ಹೇಳಿದ ಮೇಲೆ ಹೊಳೆಯಿತು. "ನೀನು ಅವರನ್ನ ನೋಡ್ಕೋ ಅಂತಾರೆ ಅಂದ್ಕೊಂಡೆ."

"ಯಂಗೆ ಎತ್ತುದ್ನು?"

ಶಾಂತಲಾ ಬಲಗೈ ಎತ್ತಿ ತೋರಿಸಿದಳು. ಹುಣಸೆಹಣ್ಣು ಎಡಗೈಯಲ್ಲಿತ್ತು.

ನಿಂಗಮ್ಮ ಆ ಕೈಯನ್ನು ಬಹಳ ಹೊತ್ತು ನೋಡಿದಳು. "ಬಸ್ಸು ನಿಲ್ಸಕ್ಕೂ ಕೈ ಎತ್ತೋನಲ್ಲ ಕಣವ್ವ ಅವ್ನು. ಇನ್ನೊಬ್ರು ಯಾರಾರಾ ಎತ್ಲಿ ಅಂತ ನಿಂತಿರೋನು. ಯಾರೂ ಎತ್ಲಿಲ್ಲ ಅಂದ್ರೆ ಬಸ್ಸು ಹೊಂಟೋಗದು, ಇವ್ನು ಮನೆಗೆ ವಾಪಸ್ ಬರೋನು. ಯಾಕಯ್ಯಾ ಅಂದ್ರೆ, ನಾಳಿಕ್ ಹೋದ್ರಾಯ್ತು ಬುಡು ಅನ್ನೋನು." ಆಮೇಲೆ, ಸೊಪ್ಪಿನ ಬೆಲೆ ಕೇಳುವಷ್ಟೇ ಸಾದಾ ದನಿಯಲ್ಲಿ, "ಜಾಗ ತೋರ್ಸು ನಡಿ" ಎಂದಳು.

ಶಾಂತಲಾ ಒಳಗೆ ಹೋಗಿ ಫಾರಮನ್ನು ಅಂಜನಮೂರ್ತಿಯ ಮೇಜಿನ ಮೇಲಿಟ್ಟಳು. "ಚಂದ್ರಶೇಖರಯ್ಯನೋರು ಸಂಜೆ ಬಂದ್ರೆ ಇದನ್ನ ವಾಪಸ್ ಕೊಡಿ. ಶಾಂತಲಾ ಸುತ್ತು ಹಾಕಿರ್ಲಿಲ್ಲ, ಸುಳ್ಳು ಹೇಳಿದ್ಲು ಅಂತ ಹೇಳಿ. ನಾಳೆ ನಾನೇ ಹೋಗಿ ಹೇಳ್ತೀನಿ. ನನಗೆ ಅರ್ಧ ದಿನ ರಜೆ." ಅಂಜನಮೂರ್ತಿ ಏನೋ ತಮಾಷೆಗೆ ಬಾಯಿ ತೆರೆದವನು ಬಾಗಿಲಲ್ಲಿ ನಿಂತ ನಿಂಗಮ್ಮನನ್ನು ನೋಡಿ, "ಆಯ್ತು ಮೇಡಂ" ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಕೆರೆಯ ಏರಿ ದಾಟಿ ಹೊಲಗಳು ಶುರುವಾದವು. ನಿಂಗಮ್ಮನ ಭುಜ ತಿರುವುಗಳಲ್ಲಿ ಶಾಂತಲಾಳ ಭುಜಕ್ಕೆ ತಾಗುತ್ತಿತ್ತು, ಅವಳು ಸರಿದುಕೊಳ್ಳುತ್ತಿರಲಿಲ್ಲ. ಬೈದುಬಿಡಬಾರದೆ ಎಂದು ಶಾಂತಲಾ ಯೋಚಿಸುತ್ತಿದ್ದಳು. ಬೈದರೆ ತಾನು ಅಳಬಹುದು, ಅತ್ತರೆ ಅವಳೇ ಸಮಾಧಾನ ಮಾಡಬಹುದು. ಹೀಗೆ ಮುಂದಿನದನ್ನೆಲ್ಲ ತಾನೇ ಹೊಸೆಯುತ್ತಿರುವುದು ಗೊತ್ತಾಗಿ ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಹುಡುಗಿ ಎಲ್ಲೋ ನೋಡ್ತಾಳೆ ಎಂದಿದ್ದ ಆ ಹೆಂಗಸು ಸುಳ್ಳೇನೂ ಹೇಳಿರಲಿಲ್ಲ. ಎದುರಿಗೆ ಕೂತವನು ಸಾಯುತ್ತಿದ್ದಾಗ ಇವಳ ಕಣ್ಣು ಏಳು ಊರುಗಳ ಆಚೆ ಇತ್ತು.

"ತಿರುವಿನತ್ರ ಇಳಿಸಿ," ಎಂದಳು ಕಂಡಕ್ಟರಿಗೆ.

"ಅಲ್ಲಿ ಸ್ಟಾಪ್ ಇಲ್ಲ ಕಣಮ್ಮ."

"ಅವತ್ತು ಬಸ್ಸು ಮನೀಕಂತಲ್ಲ, ಅವತ್ತಿತ್ತಾ ಸ್ಟಾಪು?" ಎಂದಳು ನಿಂಗಮ್ಮ. ಕಂಡಕ್ಟರು ಪೀಪಿ ಊದಿದ.

ಬಸ್ಸು ಹೋದ ಮೇಲೆ, ಆಚೆ ಬಾಗಿಲು ಹಾಕಿದ್ದ ಟೀ ಅಂಗಡಿಯೊಂದು ಬಿಟ್ಟರೆ, ಅಲ್ಲಿ ಏನೂ ಇರಲಿಲ್ಲ. ಹುಲ್ಲಿನಲ್ಲಿ ಅಲ್ಲಲ್ಲಿ ಗಾಜು ಹೊಳೆಯುತ್ತಿತ್ತು. ಮುರಿದ ಮೈಲಿಗಲ್ಲಿಗೆ ಯಾರೋ ಹೊಸದಾಗಿ ಸುಣ್ಣ ಬಳಿದಿದ್ದರು. ಬಿಸಿಲು ನೆತ್ತಿಯ ಮೇಲಿತ್ತು. ಶಾಂತಲಾ ಬಸ್ಸು ಬಿದ್ದಿದ್ದ ಜಾಗ ತೋರಿಸಿದಳು, ತಾನು ಕೂತಿದ್ದ ಜಾಗ ತೋರಿಸಿದಳು, ಆಮೇಲೆ ಮರ. ನಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಲ ಅಳೆಯುವವಳಂತೆ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆದಳು. ಹನ್ನೊಂದು ಹೆಜ್ಜೆ. ತನ್ನ ಹೆಜ್ಜೆಯಲ್ಲಾದರೆ ಒಂಬತ್ತೇ ಆಗಬಹುದು ಎಂದು ಶಾಂತಲಾಗೆ ಅನ್ನಿಸಿತು. ನಿಂಗಮ್ಮ ಬುಟ್ಟಿ ಕೆಳಗಿಟ್ಟು ಹೊಂಗೆಮರಕ್ಕೆ ಒರಗಿ ಕೂತಳು. ಕಾಂಡದ ಮೇಲೆ ತಲೆಯಿಟ್ಟು, ಸರಿಯಾಗಿ ಹೀಗೆಯೇ ಇದ್ದನೇ ಎಂದು ಕೇಳುವಂತೆ ನೋಡಿದಳು. ಶಾಂತಲಾ ತಲೆಯಾಡಿಸಿದಳು.

"ನಿನ್ ಜಾಗದಾಗೆ ಕೂತ್ಕ," ಎಂದು ಅಲ್ಲಿಂದಲೇ ಹೇಳಿದಳು ನಿಂಗಮ್ಮ. "ಆ ಕತೆ ಹೇಳು. ಅವತ್ತು ಎಷ್ಟು ಹೇಳಿದ್ಯೋ ಅಷ್ಟೇಯ. ಕೂಗಿ ಹೇಳ್ಬ್ಯಾಡ. ಅವ್ರಿಗೆ ಯಂಗೆ ಹೇಳಿದ್ಯೋ ಅಂಗೇ ಹೇಳು. ಇಲ್ಲೀಗಂಟ ಕೇಳುಸ್ತದಾ ನೋಡ್ತೀನಿ."

ಶಾಂತಲಾ ಹುಲ್ಲಿನ ಮೇಲೆ ಕೂತಳು. ಎದುರಿಗೆ ಅಲಮೇಲಮ್ಮ ಮಲಗಿದ್ದ ಜಾಗದಲ್ಲಿ ಇರುವೆಗಳು ಸಾಲು ಹಿಡಿದಿದ್ದವು. ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ, ಎಂದಳು. ದನಿ ತನ್ನದೇ ಅಂತ ಅನ್ನಿಸಲಿಲ್ಲ. ಮಳೆ ಬಂದು ಒಲೆ ಆರಿಹೋಯಿತಂತೆ. ಮಂಗಳೂರಿನ ಕಡೆಯಿಂದ ಮರದ ದಿಮ್ಮಿ ಹೇರಿದ ಲಾರಿಯೊಂದು ಹಾದುಹೋಯಿತು. ಒಂದು ವಾಕ್ಯ ಪೂರ್ತಿ ಅದರ ಸದ್ದಿನಲ್ಲೇ ಹೋಯಿತು. ನಿಲ್ಲಿಸಬೇಕೋ, ಮತ್ತೆ ಹೇಳಬೇಕೋ ತಿಳಿಯದೆ ಮುಂದುವರಿಸಿದಳು. ಅವತ್ತೂ ಲಾರಿಗಳು ಹೋಗುತ್ತಿದ್ದವಲ್ಲ. ಯಾರೂ ಹೂಂ ಎನ್ನಲಿಲ್ಲ. ಮಾತು ಬಾಯಿಂದ ಹೊರಟು ಎಲ್ಲಿ ಬಿದ್ದಿತೋ ಗೊತ್ತಾಗದೆ, ಅದರ ಹಿಂದೆಯೇ ಇನ್ನೊಂದನ್ನು ಕಳಿಸುತ್ತ, ಮೂರನೆಯ ಊರು, ನಾಲ್ಕನೆಯ ಊರು. ಹೀಗೆ ಅವಳು ಜನ್ಮದಲ್ಲಿ ಕತೆ ಹೇಳಿರಲಿಲ್ಲ. ಮರದ ಕಡೆ ನೋಡಬಾರದೆಂದುಕೊಂಡಿದ್ದವಳು ಒಮ್ಮೆ ನೋಡಿದಳು: ನಿಂಗಮ್ಮ ಕಣ್ಣು ಮುಚ್ಚಿದ್ದಳು, ಒಂದು ಕೈ ಹೊಟ್ಟೆಯ ಮೇಲಿತ್ತು. ಐದನೆಯ ಊರಿನಲ್ಲಿ ಮುದುಕಿಯೊಬ್ಬಳು ಬಾಗಿಲು ತೆರೆಯುವ ಹೊತ್ತಿಗೆ ಅವತ್ತು ವ್ಯಾನು ಬಂದಿತ್ತು. ಶಾಂತಲಾ ಅಲ್ಲಿಗೆ ನಿಲ್ಲಿಸಿದಳು.

ನಿಂಗಮ್ಮ ಎದ್ದು, ಸೀರೆಗೆ ಅಂಟಿದ ಒಣ ಎಲೆ ಕೊಡವಿಕೊಂಡು, ಹನ್ನೊಂದು ಹೆಜ್ಜೆ ನಡೆದು ಬಂದು ಅವಳ ಮುಂದೆ ನಿಂತಳು.

"ಮಾತು ತಿಳ್ಯಾಕಿಲ್ಲ ಕಣವ್ವ," ಎಂದಳು. "ಯಾರೋ ಯಾರ್ಗೋ ಏನೋ ಹೇಳ್ತಾವ್ರೆ ಅನ್ನಾದ್ ಮಾತ್ರ ಗೊತ್ತಾಯ್ತದೆ."

ಅಷ್ಟು ಸಾಕೆಂದಳೋ ಸಾಲದೆಂದಳೋ, ಆ ಮುಖದಿಂದ ತಿಳಿಯುವಂತಿರಲಿಲ್ಲ. ನಿಂಗಮ್ಮ ರಸ್ತೆಯ ಆ ತುದಿ ಈ ತುದಿ ನೋಡಿದಳು. ಯಾವ ಗಾಡಿಯೂ ಬರುತ್ತಿರಲಿಲ್ಲ.

"ಇನ್ನೊಂದ್ ಸತಿ ಹೇಳು," ಎಂದಳು. "ಲಾರಿ ಅಡ್ಡ ಬಂತು." ಉತ್ತರಕ್ಕೆ ಕಾಯದೆ ಬೆನ್ನು ತಿರುಗಿಸಿ ಮರದ ಕಡೆ ನಡೆದಳು. ಅವಳು ಕೂತು, ತಲೆಯನ್ನು ಕಾಂಡಕ್ಕೆ ಆನಿಸಿ, ಕಣ್ಣು ಮುಚ್ಚುವವರೆಗೂ ತಡೆದು ಶಾಂತಲಾ ಮೊದಲಿನಿಂದ ಶುರುಮಾಡಿದಳು.